ಇಬ್ಬರು ಕೂತು ನಿಜ ಮಾತಾಡಬಾರದು: ಕಾದಂಬರಿಗಳ ದಬ್ಬಾಳಿಕೆ ಸರ್ಕಾರಗಳು ನಡೆಯುವ ಬಗೆ

ಜಾರ್ಜ್ ಆರ್ವೆಲ್ ಬರೆದ ‘1984’ ಕಾದಂಬರಿಯಲ್ಲಿ ಚಾಕೊಲೇಟ್ ರೇಷನ್ನಿನ ಒಂದು ಪ್ರಸಂಗ ಇದೆ. ವಾರಕ್ಕೆ 30 ಗ್ರಾಂ ಕೊಡುತ್ತಿದ್ದದ್ದನ್ನು 20ಕ್ಕೆ ಇಳಿಸುತ್ತೇವೆ ಎಂದು ಸರ್ಕಾರ ಹೇಳುತ್ತದೆ. ಮಾರನೇ ದಿನ ಆಫೀಸಿನ ಕ್ಯಾಂಟೀನಿನಲ್ಲಿ ಟೆಲಿಸ್ಕ್ರೀನ್, ಅಂದರೆ ನೋಡುವವರನ್ನೂ ನೋಡುವ ಸರ್ಕಾರಿ ಟಿವಿ, ಬೇರೆಯೇ ಸುದ್ದಿ ಕೂಗುತ್ತದೆ. ರೇಷನ್ನನ್ನು 20 ಗ್ರಾಂಗೆ ‘ಏರಿಸಿದ್ದಕ್ಕೆ’ ಜನ ಮೆರವಣಿಗೆ ಹೋಗಿ ದೇಶದ ಸರ್ವಾಧಿಕಾರಿ ಬಿಗ್ ಬ್ರದರ್‌ಗೆ ಧನ್ಯವಾದ ಹೇಳಿದರಂತೆ. ಊಟಕ್ಕೆ ಕೂತಿದ್ದ ಕಥಾನಾಯಕ ವಿನ್‌ಸ್ಟನ್ ಸ್ಮಿತ್ ಅಕ್ಕಪಕ್ಕ ನೋಡುತ್ತಾನೆ. ಸಹೋದ್ಯೋಗಿ ಪಾರ್ಸನ್ಸ್ ನಂಬಿಬಿಟ್ಟಿದ್ದಾನೆ. ಪಕ್ಕದ ಮೇಜಿನವನೂ ನಂಬಿದ್ದಾನೆ. ಬುದ್ಧಿವಂತ ಸೈಮ್ ಕೂಡ, ಸ್ವಲ್ಪ ಸುತ್ತಿಬಳಸಿ, ನಂಬಿದ್ದಾನೆ. ಹಾಗಾದರೆ ನೆನಪು ಉಳಿದಿರುವುದು ನನಗೊಬ್ಬನಿಗೇನಾ ಅಂತ ವಿನ್‌ಸ್ಟನ್‌ಗೆ ಅನ್ನಿಸುತ್ತದೆ.

ಇದನ್ನು ಓದಿದವರು ಸಾಮಾನ್ಯವಾಗಿ ಸರ್ಕಾರದ ಸುಳ್ಳಿನ ಬಗ್ಗೆ ಮಾತಾಡುತ್ತಾರೆ. ನನ್ನ ಕಣ್ಣು ಹೋಗುವುದು ಆ ಮೇಜಿನ ಕಡೆಗೆ. ‘ಅಲ್ಲಪ್ಪಾ, ನಿನ್ನೆ 30 ಇತ್ತಲ್ವಾ?’ ಎಂದು ಅಲ್ಲಿ ಯಾರೂ ಯಾರನ್ನೂ ಕೇಳುವ ಹಾಗಿಲ್ಲ. ಉಳಿದವರು ನಿಜವಾಗಿಯೂ ನಂಬಿದ್ದಾರೋ, ಅವರೂ ವಿನ್‌ಸ್ಟನ್ ಹಾಗೆ ಮುಖ ಗಟ್ಟಿ ಮಾಡಿಕೊಂಡು ಕೂತಿದ್ದಾರೋ, ಅವನಿಗೆ ಗೊತ್ತಾಗುವ ದಾರಿಯೇ ಇಲ್ಲ. ಸುಳ್ಳು ಗೆಲ್ಲುವುದು ಅಲ್ಲಿ. ಎಲ್ಲರೂ ನಂಬಬೇಕಾಗಿಲ್ಲ, ನಂಬದವರು ಒಬ್ಬರಿಗೊಬ್ಬರು ಸಿಗದಿದ್ದರೆ ಸಾಕು.

ಕಳೆದ ನೂರು ವರ್ಷಗಳಲ್ಲಿ ಬಂದ ಇಂಥ ಕಾದಂಬರಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕ್ಯಾಮೆರಾ, ಪೊಲೀಸು, ಮಾತ್ರೆ, ಹಸಿವು, ಪುಸ್ತಕ ಸುಡುವುದು ಎಂದು ನೂರೆಂಟು ಉಪಾಯ ಕಾಣುತ್ತವೆ. ನನ್ನ ಪ್ರಕಾರ ಅವೆಲ್ಲ ಒಂದೇ ಕೆಲಸಕ್ಕೆ ಇಟ್ಟ ಬೇರೆ ಬೇರೆ ಆಳುಗಳು. ಇಬ್ಬರು ಮನುಷ್ಯರು ಎದುರುಬದುರು ಕೂತು ನಿಜ ಮಾತಾಡದ ಹಾಗೆ ನೋಡಿಕೊಳ್ಳುವುದೇ ಆ ಕೆಲಸ.

ಮೊದಲು ಲೆಕ್ಕ ನೋಡೋಣ. ಆರ್ವೆಲ್‌ನ ದೇಶದಲ್ಲಿ ಆಳುವ ಪಕ್ಷದ ಒಳಬಳಗ ಜನಸಂಖ್ಯೆಯ ಶೇ 2ಕ್ಕಿಂತಲೂ ಕಡಿಮೆ. ಕೂಲಿ ಮಾಡಿ ಬದುಕುವವರು ಶೇ 85. ಇಷ್ಟು ಕಡಿಮೆ ಜನ ಅಷ್ಟು ಜನರನ್ನು ಕಾಯುವುದು ಹೇಗೆ? ಬರೀ ಬಂದೂಕಿನಿಂದ ಆಗುವುದಿಲ್ಲ. ನಿಜವಾದ ಸರ್ಕಾರಗಳಿಗೂ ಇದೇ ತಲೆನೋವು. ಪೂರ್ವ ಜರ್ಮನಿಯ ಗುಪ್ತಚರ ಇಲಾಖೆ ಸ್ಟಾಸಿ 1989ರಲ್ಲಿ ಸುಮಾರು 91,000 ಜನರಿಗೆ ಸಂಬಳ ಕೊಡುತ್ತಿತ್ತು. ದೇಶದ ಜನಸಂಖ್ಯೆ ಸುಮಾರು 1.6 ಕೋಟಿ. ಲೋಕದಲ್ಲೇ ಅತಿ ದೊಡ್ಡ ಗೂಢಚಾರ ಜಾಲಗಳಲ್ಲಿ ಅದೂ ಒಂದು. ಆದರೂ ಸಾಲಲಿಲ್ಲ. ಅದಕ್ಕೇ ಸಂಬಳದ ನೌಕರರಿಗಿಂತ ಹೆಚ್ಚು ಮಂದಿಯನ್ನು, 1.7 ಲಕ್ಷಕ್ಕೂ ಜಾಸ್ತಿ ಸಾಮಾನ್ಯರನ್ನು, ಗುಟ್ಟಾಗಿ ಸುದ್ದಿ ಕೊಡುವವರನ್ನಾಗಿ ಮಾಡಿಕೊಂಡಿತ್ತು. ಗೆಳೆಯ, ಸಹೋದ್ಯೋಗಿ, ಕೆಲವು ಕಡೆ ಗಂಡ. ಬರ್ಲಿನ್ ಗೋಡೆ ಬಿದ್ದ ಮೇಲೆ ಸಿಕ್ಕ ಕಡತಗಳನ್ನು ಸಾಲಾಗಿ ಜೋಡಿಸಿದರೆ ಸುಮಾರು 111 ಕಿಲೋಮೀಟರ್ ಆಗುತ್ತದೆ. ಬರೆದದ್ದನ್ನೆಲ್ಲ ಓದುವುದಕ್ಕೆ ಆ ಇಲಾಖೆಗೇ ಪುರುಸೊತ್ತು ಇದ್ದಿರಲಾರದು.

ಓದಬೇಕಾದ ಅಗತ್ಯವೂ ಇರಲಿಲ್ಲ ಅನ್ನಿ. ಯಾರೋ ಬರೆದುಕೊಳ್ಳುತ್ತಿರಬಹುದು ಎಂಬ ಅನುಮಾನ ಇದ್ದರೆ ಸಾಕು. ಬ್ರಿಟಿಷ್ ಚಿಂತಕ ಜೆರೆಮಿ ಬೆಂಥಮ್ 18ನೇ ಶತಮಾನದ ಕೊನೆಯಲ್ಲಿ ಒಂದು ಜೈಲಿನ ನಕ್ಷೆ ಮಾಡಿದ್ದ. ಸುತ್ತಲೂ ಕೋಣೆಗಳು, ನಡುವೆ ಒಂದು ಗೋಪುರ. ಗೋಪುರದವನಿಗೆ ಎಲ್ಲರೂ ಕಾಣುತ್ತಾರೆ, ಅವನು ಯಾರಿಗೂ ಕಾಣುವುದಿಲ್ಲ. ಹಾಗಾಗಿ ಗೋಪುರ ಖಾಲಿ ಇದ್ದರೂ ಕೈದಿಗಳು ಸರಿಯಾಗಿಯೇ ಇರುತ್ತಾರೆ. ಈ ಯೋಚನೆ ಹುಟ್ಟಿದ್ದು ಇಂಗ್ಲೆಂಡಿನಲ್ಲಿ ಅಲ್ಲ, ಇವತ್ತಿನ ಬೆಲಾರೂಸ್‌ನಲ್ಲಿರುವ ಕ್ರಿಚೆವ್ ಎಂಬಲ್ಲಿ. ಆಗ ಅದು ರಷ್ಯಾದ ರಾಜಕುಮಾರ ಪೊಟೆಮ್‌ಕಿನ್‌ನ ಜಮೀನು. ಅಲ್ಲಿ ಕೆಲಸಕ್ಕಿದ್ದ ಬೆಂಥಮ್‌ನ ತಮ್ಮ ಸ್ಯಾಮುಯೆಲ್ ಕೂಲಿಗಳ ಮೇಲೆ ಕಣ್ಣಿಡಲು ಯೋಚಿಸಿದ ಕಟ್ಟಡ ಅದು.

ಅದೇ ರಷ್ಯಾದಲ್ಲಿ 1920ರ ಸುಮಾರಿಗೆ ಯೆವ್ಗೆನಿ ಜಮ್ಯಾಟಿನ್ ‘ವೀ’ (ನಾವು) ಎಂಬ ಕಾದಂಬರಿ ಬರೆದ. ಅದರಲ್ಲಿ ಜನಕ್ಕೆ ಹೆಸರಿಲ್ಲ, ನಂಬರ್ ಇದೆ. ಮನೆಗಳು ಪೂರ್ತಿ ಗಾಜಿನವು. ಪರದೆ ಎಳೆದುಕೊಳ್ಳಬೇಕೆಂದರೆ ಗುಲಾಬಿ ಬಣ್ಣದ ಚೀಟಿ ಬೇಕು, ಅದೂ ಗೊತ್ತುಮಾಡಿದ ಹೊತ್ತಿಗೆ ಮಾತ್ರ. ಈ ಪುಸ್ತಕ 1924ರಲ್ಲಿ ನ್ಯೂಯಾರ್ಕ್‌ನಲ್ಲಿ ಇಂಗ್ಲಿಷಿನಲ್ಲಿ ಬಂತು. ಬರೆದವನ ಸ್ವಂತ ದೇಶದಲ್ಲಿ ಅಚ್ಚಾಗಿದ್ದು 1988ರಲ್ಲಿ. ಅಷ್ಟರಲ್ಲಿ ಅವನು ಸತ್ತು ಅರ್ಧ ಶತಮಾನ ಆಗಿತ್ತು.

ಆರ್ವೆಲ್ ಇದನ್ನು ಓದಿದ್ದ, ಇನ್ನೊಂದು ಹೆಜ್ಜೆ ಮುಂದೆ ಹೋದ. ಗಾಜಿನ ಮನೆಯಲ್ಲಿ ಯಾವಾಗ ಕಾಣುತ್ತೇವೆ ಎಂಬುದು ಗೊತ್ತಿರುತ್ತದೆ. ಟೆಲಿಸ್ಕ್ರೀನ್ ಯಾವಾಗ ನಮ್ಮನ್ನು ನೋಡುತ್ತಿದೆ ಎಂಬುದು ಗೊತ್ತೇ ಆಗುವುದಿಲ್ಲ. ಅದರ ದನಿ ತಗ್ಗಿಸಬಹುದು, ಪೂರ್ತಿ ಆರಿಸಲು ಬರುವುದಿಲ್ಲ. ಹಾಗಾಗಿ ಜನ ಮುಖವನ್ನೂ ಕಾಯ್ದುಕೊಳ್ಳುತ್ತಾರೆ. ತಪ್ಪು ಸಮಯಕ್ಕೆ ತಪ್ಪು ಮುಖ ಮಾಡುವುದೂ ಅಲ್ಲಿ ಅಪರಾಧ, ಅದಕ್ಕೊಂದು ಹೆಸರೂ ಇದೆ. ಪೊಲೀಸನ್ನು ಮನೆ ಮುಂದೆ ನಿಲ್ಲಿಸುವ ಖರ್ಚು ಉಳಿಯಿತು. ಅವನು ತಲೆಯೊಳಗೇ ಬಂದು ಕೂತಿದ್ದಾನೆ.

ಇದರ ಒಂದು ಸಣ್ಣ ರುಚಿ ನಮಗೂ ಸಿಕ್ಕಿತ್ತು. 2020ರ ಮಾರ್ಚ್ ಕೊನೆಯಲ್ಲಿ, ಮನೆಯಲ್ಲೇ ಕ್ವಾರಂಟೈನ್ ಆಗಿದ್ದವರು ಗಂಟೆಗೊಂದು ಸೆಲ್ಫಿ ಕಳಿಸಬೇಕು ಎಂದು ಕರ್ನಾಟಕ ಸರ್ಕಾರ ಹೇಳಿತು. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ. ಫೋಟೋ ಜೊತೆ ಅದನ್ನು ತೆಗೆದ ಜಾಗವೂ ಹೋಗುತ್ತಿತ್ತು. ಕಳಿಸದಿದ್ದರೆ ಸರ್ಕಾರಿ ಕ್ವಾರಂಟೈನ್ ಕೇಂದ್ರ. ಅದೇ ದಿನಗಳಲ್ಲಿ ಕ್ವಾರಂಟೈನ್ ಆದವರ ಮನೆ ವಿಳಾಸದ ಪಟ್ಟಿಗಳೂ ಹೊರಬಿದ್ದವು. ರೋಗ ತಡೆಯುವುದು ಉದ್ದೇಶ, ಅದರಲ್ಲಿ ಅನುಮಾನವಿಲ್ಲ. ಅದನ್ನು ದಬ್ಬಾಳಿಕೆ ಸರ್ಕಾರಕ್ಕೆ ಹೋಲಿಸುವುದು ಅತಿಯಾಗುತ್ತದೆ. ಆದರೆ ಕೆಲಸ ಮಾಡಿದ ಯಂತ್ರ ಒಂದೇ. ಸೆಲ್ಫಿಯನ್ನು ಅಧಿಕಾರಿ ನೋಡುತ್ತಾನೋ ಇಲ್ಲವೋ, ಪಟ್ಟಿಯನ್ನು ಪಕ್ಕದ ಮನೆಯವರಂತೂ ನೋಡುತ್ತಾರೆ.

ಪಕ್ಕದ ಮನೆ ದಾಟಿ ಸ್ವಂತ ಮನೆಗೆ ಬಂದರೆ ಕಥೆ ಇನ್ನೂ ಕೆಡುತ್ತದೆ. ಮೇಲೆ ಹೇಳಿದ ಪಾರ್ಸನ್ಸ್ ಸರ್ಕಾರದ ಅಪ್ಪಟ ಭಕ್ತ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಬಿಗ್ ಬ್ರದರ್ ವಿರುದ್ಧ ಏನೋ ಅಂದುಬಿಡುತ್ತಾನೆ. ಏಳು ವರ್ಷದ ಮಗಳು ಬೀಗದ ಕಿಂಡಿಯಲ್ಲಿ ಕೇಳಿಸಿಕೊಂಡು ಮಾರನೇ ದಿನ ದೂರು ಕೊಡುತ್ತಾಳೆ. ಜೈಲಿಗೆ ಬಂದ ಅಪ್ಪ ಮಗಳನ್ನು ಬೈಯುವುದಿಲ್ಲ. ಅವಳನ್ನು ಚೆನ್ನಾಗಿ ಬೆಳೆಸಿದ್ದೇನೆ ನೋಡು ಎಂದು ಹೆಮ್ಮೆಪಡುತ್ತಾನೆ. ಇದು ಪೂರ್ತಿ ಕಲ್ಪನೆಯಲ್ಲ. ಸೋವಿಯತ್ ಒಕ್ಕೂಟದಲ್ಲಿ 1932ರಲ್ಲಿ ಕೊಲೆಯಾದ ಪಾವ್ಲಿಕ್ ಮೊರೊಜೊವ್ ಎಂಬ ಹುಡುಗನನ್ನು, ಅಪ್ಪನ ಮೇಲೆ ದೂರು ಕೊಟ್ಟ ವೀರ ಎಂದು ಮಕ್ಕಳಿಗೆ ಪಾಠ ಮಾಡಿ ಪ್ರತಿಮೆ ನಿಲ್ಲಿಸಿದ್ದರು. ಆ ಕಥೆಯಲ್ಲಿ ಬಹಳಷ್ಟು ಭಾಗ ಪ್ರಚಾರಕ್ಕಾಗಿ ಕಟ್ಟಿದ್ದು ಎಂದು ಆಮೇಲೆ ಸಂಶೋಧಕರು ತೋರಿಸಿದರು.

ಮಾರ್ಗರೆಟ್ ಅಟ್ವುಡ್ 1985ರಲ್ಲಿ ತಂದ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಈ ಉಪಾಯವನ್ನು ಇನ್ನಷ್ಟು ಅಗ್ಗ ಮಾಡುತ್ತದೆ. ಹೆರುವುದಕ್ಕೆಂದೇ ಇಟ್ಟುಕೊಂಡ ಹೆಂಗಸರು ಅಂಗಡಿಗೆ ಇಬ್ಬಿಬ್ಬರಾಗಿಯೇ ಹೋಗಬೇಕು. ನೋಡುವವರಿಗೆ ಅದು ರಕ್ಷಣೆ. ಒಳಗುಟ್ಟು ಏನೆಂದರೆ, ಇವಳಿಗೆ ಅವಳು ಗೂಢಚಾರಿಣಿ, ಅವಳಿಗೆ ಇವಳು. ಇಬ್ಬರೂ ತಿಂಗಳುಗಟ್ಟಲೆ ಹವಾಮಾನ, ದೇವರು, ಯುದ್ಧದ ಸುದ್ದಿ ಎಂದು ಕಂಠಪಾಠದ ಮಾತನ್ನೇ ಆಡುತ್ತಾರೆ. ಮನಸ್ಸಿನಲ್ಲಿ ಇಬ್ಬರಿಗೂ ಒಂದೇ ಸಿಟ್ಟು ಇದೆ, ಹೇಳಿಕೊಳ್ಳುವ ಧೈರ್ಯ ಇಲ್ಲ. ಎಲ್ಲೋ ಒಮ್ಮೆ ನಡೆದಿರದ ಯಾವ ಕ್ರೌರ್ಯವನ್ನೂ ಪುಸ್ತಕದಲ್ಲಿ ಸೇರಿಸುವುದಿಲ್ಲ ಎಂದು ಅಟ್ವುಡ್ ನಿಯಮ ಹಾಕಿಕೊಂಡಿದ್ದರು. ಬರೆಯಲು ಶುರು ಮಾಡಿದ್ದು 1984ರಲ್ಲಿ, ಗೋಡೆ ಇನ್ನೂ ನಿಂತಿದ್ದ ಪಶ್ಚಿಮ ಬರ್ಲಿನ್‌ನಲ್ಲಿ. ಗೋಡೆಯ ಆ ಕಡೆ ಸ್ಟಾಸಿ ಇತ್ತು.

ಅದೇ ಪುಸ್ತಕದ ಇನ್ನೊಂದು ಪುಟ ಇವತ್ತು ಓದಿದರೆ ಬೆನ್ನು ತಣ್ಣಗಾಗುತ್ತದೆ. ಕಥೆ ಹೇಳುವವಳು ಸಿಗರೇಟ್ ಕೊಳ್ಳಲು ಅಂಗಡಿಗೆ ಹೋಗುತ್ತಾಳೆ. ಕಾರ್ಡ್ ಕೆಲಸ ಮಾಡುವುದಿಲ್ಲ. ಏನೋ ತಾಂತ್ರಿಕ ತೊಂದರೆ ಇರಬೇಕು ಎಂದುಕೊಳ್ಳುತ್ತಾಳೆ. ಅದೇ ದಿನ ಆಫೀಸಿನಲ್ಲಿ ಹೆಂಗಸರನ್ನೆಲ್ಲ ಕೆಲಸದಿಂದ ತೆಗೆಯುತ್ತಾರೆ. ಹೆಂಗಸರ ಖಾತೆಗಳೆಲ್ಲ ಒಂದೇ ಏಟಿಗೆ ಬಂದ್ ಆಗಿವೆ, ದುಡ್ಡು ಗಂಡನ ಹೆಸರಿಗೆ ಹೋಗಿದೆ. ನೋಟು ಇದ್ದಿದ್ದರೆ ಇಷ್ಟು ಸುಲಭ ಆಗುತ್ತಿರಲಿಲ್ಲ ಎಂದು ಅವಳೇ ಹೇಳುತ್ತಾಳೆ. 2022ರ ಫೆಬ್ರವರಿಯಲ್ಲಿ ಕೆನಡಾದಲ್ಲಿ ಟ್ರಕ್ ಚಾಲಕರ ಪ್ರತಿಭಟನೆಯ ವೇಳೆ ಸರ್ಕಾರ ತುರ್ತು ಕಾಯ್ದೆ ಬಳಸಿ, ಅದರಲ್ಲಿದ್ದ ಕೆಲವರ ಬ್ಯಾಂಕ್ ಖಾತೆಗಳನ್ನು ಸ್ಥಗಿತ ಮಾಡಿಸಿತು. ಆ ಪ್ರತಿಭಟನೆ ಸರಿಯೋ ತಪ್ಪೋ ಎನ್ನುವುದು ಬೇರೆ ಮಾತು. 2024ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ತುರ್ತು ಕಾಯ್ದೆ ಬಳಸಿದ್ದು ಸಮರ್ಥನೀಯವಲ್ಲ ಎಂದಿತು.

ಹಸಿವಿನ ಉಪಾಯವನ್ನು ನಾನು ಕಂಡಂತೆ ಯಾರಿಗಿಂತ ಚೆನ್ನಾಗಿ ಬಿಡಿಸಿಟ್ಟವರು ಸೂಸನ್ ಕಾಲಿನ್ಸ್. 2008ರ ‘ದಿ ಹಂಗರ್ ಗೇಮ್ಸ್’ ಹರೆಯದವರ ಪುಸ್ತಕ ಎಂದು ದೊಡ್ಡವರು ಪಕ್ಕಕ್ಕಿಡುತ್ತಾರೆ. ಅದರೊಳಗಿನ ಒಂದು ಲೆಕ್ಕ ಮಾತ್ರ ಯಾವ ರಾಜಕೀಯ ಗ್ರಂಥಕ್ಕೂ ಕಡಿಮೆಯಿಲ್ಲ. 12 ಜಿಲ್ಲೆಗಳ ಮಕ್ಕಳ ಹೆಸರನ್ನು ಪ್ರತಿ ವರ್ಷ ಚೀಟಿ ಎತ್ತುತ್ತಾರೆ. ಆಯ್ಕೆಯಾದವರು ಟಿವಿ ಮುಂದೆ ಒಬ್ಬರನ್ನೊಬ್ಬರು ಕೊಲ್ಲಬೇಕು. 12 ವರ್ಷಕ್ಕೆ ಒಂದು ಚೀಟಿ, 13ಕ್ಕೆ ಎರಡು, ಹೀಗೆ 18ರವರೆಗೆ. ನೋಡಲು ನ್ಯಾಯವಾಗಿಯೇ ಇದೆ ಅಲ್ವಾ? ಆದರೆ ಮನೆಯಲ್ಲಿ ಊಟಕ್ಕಿಲ್ಲದಿದ್ದರೆ, ಒಬ್ಬರಿಗೆ ವರ್ಷಕ್ಕೆ ಹೇಗೋ ಸಾಲುವಷ್ಟು ಧಾನ್ಯ ಮತ್ತು ಎಣ್ಣೆಗೆ ಪ್ರತಿಯಾಗಿ ಇನ್ನೊಂದು ಚೀಟಿ ಹಾಕಬಹುದು. ಮನೆಯಲ್ಲಿ ಎಷ್ಟು ಜನರೋ ಅಷ್ಟು ಸಲ. ಪ್ರತಿ ವರ್ಷದ ಚೀಟಿ ಹಿಂದಿನವಕ್ಕೆ ಸೇರುತ್ತಾ ಹೋಗುತ್ತದೆ. ತಾಯಿ, ತಂಗಿ, ತಾನು ಎಂದು ಮೂರು ಪಾಲು ತೆಗೆದುಕೊಳ್ಳುವ ಕಥಾನಾಯಕಿ ಕ್ಯಾಟ್ನಿಸ್ ಹೆಸರಿನಲ್ಲಿ ಅವಳ 16ನೇ ವಯಸ್ಸಿಗೆ 20 ಚೀಟಿ. ಐದು ಜನರ ಮನೆ ನಡೆಸುವ ಅವಳ ಗೆಳೆಯ, 18ರ ಗೇಲ್ ಹೆಸರಿನಲ್ಲಿ 42. ಊರಿನ ಮೇಯರ್ ಮಗಳದ್ದು ಐದೇ ಇರಬೇಕು.

ಚೀಟಿ ಎತ್ತುವ ದಿನ ಬೆಳಿಗ್ಗೆ ಗೇಲ್ ಮತ್ತು ಕ್ಯಾಟ್ನಿಸ್ ಮೇಯರ್ ಮನೆಗೆ ಹಣ್ಣು ಮಾರಲು ಹೋಗುತ್ತಾರೆ. ಒಳ್ಳೆ ಬಟ್ಟೆ ಹಾಕಿಕೊಂಡು ಬಾಗಿಲು ತೆಗೆದ ಹುಡುಗಿಯನ್ನು ಗೇಲ್ ಚುಚ್ಚುತ್ತಾನೆ. ನಿನ್ನದು ಐದು ಇರಬಹುದು, ನನಗೆ 12 ತುಂಬಿದಾಗಲೇ ಆರು ಇತ್ತು ಅನ್ನುತ್ತಾನೆ. ಆ ಹುಡುಗಿ ಪಾಪ, ನಿಯಮ ಮಾಡಿದವಳಲ್ಲ. ಈ ಆಟ ಆಡಿಸುವ ರಾಜಧಾನಿಯ ಮೇಲೆ ಬರಬೇಕಾದ ಸಿಟ್ಟು ಪಕ್ಕದ ಬೀದಿಯ ಮೇಲೆ ಬರುತ್ತದೆ. ಹಸಿದವರು ಮತ್ತು ರಾತ್ರಿ ಊಟ ಇರುವವರು ಎಂದೂ ಒಬ್ಬರನ್ನೊಬ್ಬರು ನಂಬಬಾರದು, ಚೀಟಿ ಇರುವುದೇ ಅದಕ್ಕೆ ಎಂಬುದು ಗೇಲ್‌ಗೂ ಗೊತ್ತು. ಗೊತ್ತಿದ್ದೂ ಚುಚ್ಚುತ್ತಾನೆ. ಈ ಒಂದು ಗೆರೆಗಾಗಿ ನನಗೆ ಈ ಪುಸ್ತಕ ಇಷ್ಟ.

ಇನ್ನು ಸುಖದ ದಾರಿ. ಆಲ್ಡಸ್ ಹಕ್ಸ್‌ಲಿ 1932ರ ‘ಬ್ರೇವ್ ನ್ಯೂ ವರ್ಲ್ಡ್’ನಲ್ಲಿ ಹೊಡೆತ ಬಡಿತ ಹೆಚ್ಚು ಕಡಿಮೆ ಬಿಟ್ಟೇಬಿಟ್ಟ. ಮಕ್ಕಳು ಸೀಸೆಯಲ್ಲಿ ಹುಟ್ಟುತ್ತಾರೆ, ಯಾವ ದರ್ಜೆ ಎನ್ನುವುದು ಸೀಸೆಯಲ್ಲೇ ತೀರ್ಮಾನ. ಕೆಳದರ್ಜೆಯ ಎಂಟು ತಿಂಗಳ ಕೂಸುಗಳ ಮುಂದೆ ಬಣ್ಣದ ಪುಸ್ತಕ ಮತ್ತು ಗುಲಾಬಿ ಹೂವು ಇಡುತ್ತಾರೆ. ಅವು ಅಂಬೆಗಾಲಿಟ್ಟು ಬಂದು ಮುಟ್ಟಿದ ಕೂಡಲೇ ಕಿವಿ ಹರಿಯುವ ಸೈರನ್, ನೆಲದಲ್ಲಿ ಕರೆಂಟ್. ಇನ್ನೂರು ಸಲ ಹೀಗೆ ಮಾಡಿದರೆ ಜೀವನಪೂರ್ತಿ ಪುಸ್ತಕ ಕಂಡರೆ ಭಯ. ಪುಸ್ತಕ ಸರಿ, ಹೂವು ಏಕೆ? ಹೂವು ನೋಡಿ ಖುಷಿಪಡುವವನಿಗೆ ಖರ್ಚಿಲ್ಲ, ಅದರಿಂದ ಯಾವ ಕಾರ್ಖಾನೆಯೂ ನಡೆಯುವುದಿಲ್ಲ. ಹಕ್ಸ್‌ಲಿ ಎಷ್ಟು ತಣ್ಣಗೆ ಬರೆಯುತ್ತಾನೆ ಎಂದರೆ ನಗು ಬರುತ್ತದೆ, ಆಮೇಲೆ ಅಸಹ್ಯ ಆಗುತ್ತದೆ.

ನನ್ನ ವಾದಕ್ಕೆ ಈ ಪುಸ್ತಕ ಹೊರತು ಎಂದು ಮೇಲ್ನೋಟಕ್ಕೆ ಅನ್ನಿಸಬಹುದು. ಇಲ್ಲಿ ಜನರನ್ನು ಬೇರೆ ಮಾಡುವುದೇ ಇಲ್ಲ, ಸದಾ ಗುಂಪಿನಲ್ಲೇ ಇಡುತ್ತಾರೆ. ಒಬ್ಬನೇ ಕೂತರೆ ಅನುಮಾನ. ಬೇಜಾರಾದರೆ ಸೋಮಾ ಮಾತ್ರೆ. ಆದರೆ ಇಡೀ ಗುಂಪಿನಲ್ಲಿ ಇಬ್ಬರ ನಡುವೆ ಒಂದು ಮನಸ್ಸಿನ ಮಾತು ನಡೆಯುವುದು ಎಷ್ಟು ಸಲ? ಬೆರಳೆಣಿಕೆ. ನಡೆಸಿದವರನ್ನು ದೂರದ ದ್ವೀಪಕ್ಕೆ ಕಳಿಸುತ್ತಾರೆ. ರೇ ಬ್ರಾಡ್‌ಬರಿಯ ‘ಫ್ಯಾರನ್‌ಹೀಟ್ 451’ ಕೂಡ ಹೀಗೆಯೇ. 1953ರ ಪುಸ್ತಕ ಅದು. ಗೋಡೆ ತುಂಬಾ ಟಿವಿ, ಕಿವಿಯೊಳಗೆ ಪುಟ್ಟ ರೇಡಿಯೊ, ಗಂಡ ಪಕ್ಕದಲ್ಲೇ ಮಲಗಿದ್ದರೂ ಹೆಂಡತಿ ಬೇರೆ ಲೋಕದಲ್ಲಿ. ಮೂರು ಗೋಡೆಗೆ ಟಿವಿ ಆಗಿದೆ, ನಾಲ್ಕನೆಯದಕ್ಕೂ ಬೇಕು ಎಂದು ಅವಳ ಹಟ. ಕೊನೆಗೆ ಗಂಡ ಪುಸ್ತಕ ಬಚ್ಚಿಟ್ಟಿದ್ದಾನೆ ಎಂದು ದೂರು ಕೊಡುವವಳೂ ಅವಳೇ. ಪುಸ್ತಕ ಸುಡುವ ಪಡೆಯ ಮುಖ್ಯಸ್ಥ ಒಂದು ಕಡೆ ಹೇಳುವ ಮಾತಿನ ಸಾರ ಇಷ್ಟು: ಸರ್ಕಾರ ಇದನ್ನು ಶುರು ಮಾಡಲಿಲ್ಲ, ಜನ ತಾವಾಗಿ ಓದುವುದು ಬಿಟ್ಟರು, ಬೆಂಕಿ ಬಂದಿದ್ದು ಆಮೇಲೆ.

‘1984’ ಹೊರಬಂದ ವರ್ಷ, 1949ರ ಅಕ್ಟೋಬರ್‌ನಲ್ಲಿ, ಹಕ್ಸ್‌ಲಿ ಆರ್ವೆಲ್‌ಗೆ ಒಂದು ಕಾಗದ ಬರೆದ. ಹಿಂದೆ ಈಟನ್ ಶಾಲೆಯಲ್ಲಿ ಹುಡುಗ ಆರ್ವೆಲ್‌ಗೆ ಸ್ವಲ್ಪ ಕಾಲ ಫ್ರೆಂಚ್ ಕಲಿಸಿದ್ದ ಮೇಷ್ಟ್ರು ಅವನು. ಪುಸ್ತಕವನ್ನು ಹೊಗಳಿ, ಮೆಲ್ಲಗೆ ತಿದ್ದಿದ. ಮುಖಕ್ಕೆ ಬೂಟುಗಾಲಿಟ್ಟು ತುಳಿಯುವುದಕ್ಕಿಂತ, ಜನ ತಮ್ಮ ಗುಲಾಮತನವನ್ನೇ ಪ್ರೀತಿಸುವ ಹಾಗೆ ಮಾಡುವುದು ಕಡಿಮೆ ಖರ್ಚಿನ ದಾರಿ, ಆಳುವವರು ಕೊನೆಗೆ ಅದನ್ನೇ ಹಿಡಿಯುತ್ತಾರೆ ಎಂಬುದು ಅವನ ವಾದ. ಇಬ್ಬರಲ್ಲಿ ಯಾರು ಸರಿ ಎಂದು ಇವತ್ತಿಗೂ ಜಗಳ ನಡೆಯುತ್ತದೆ. ಸುಮ್ನೆ ಜಗಳ ಅದು. ಒಂದೇ ದೇಶದಲ್ಲಿ ಒಬ್ಬರಿಗೆ ಮಾತ್ರೆ, ಇನ್ನೊಬ್ಬರಿಗೆ ಬೂಟು ಸಿಗುವುದನ್ನು ನಾವೆಲ್ಲ ನೋಡಿಲ್ಲವೇ?

ಹಳೆಯದನ್ನು ಅಳಿಸುವ ಕೆಲಸಕ್ಕೆ ಬರೋಣ. ‘1984’ರಲ್ಲಿ ಸರ್ಕಾರಕ್ಕಾಗಿ ಪದಗಳನ್ನು ಕತ್ತರಿಸಿ ನುಡಿಯನ್ನೇ ಸಣ್ಣದು ಮಾಡುತ್ತಿದ್ದ ಸೈಮ್ ಒಂದು ಬೆಳಿಗ್ಗೆ ಕೆಲಸಕ್ಕೆ ಬರುವುದಿಲ್ಲ. ಮೊದಲ ದಿನ ಒಂದಿಬ್ಬರು ವಿಚಾರಿಸುತ್ತಾರೆ. ಎರಡನೇ ದಿನ ಯಾರೂ ಹೆಸರೆತ್ತುವುದಿಲ್ಲ. ಮೂರನೇ ದಿನ ವಿನ್‌ಸ್ಟನ್ ನೋಟಿಸ್ ಬೋರ್ಡ್ ನೋಡುತ್ತಾನೆ. ಅಲ್ಲಿ ಚೆಸ್ ಸಮಿತಿಯ ಸದಸ್ಯರ ಪಟ್ಟಿ. ಏನೂ ಹೊಡೆದುಹಾಕಿಲ್ಲ, ಒಂದು ಹೆಸರು ಕಡಿಮೆ, ಅಷ್ಟೆ.

ಆರ್ವೆಲ್ 1950ರ ಜನವರಿಯಲ್ಲಿ ತೀರಿಕೊಂಡ. ಇನ್ನು ನಾಲ್ಕು ವರ್ಷ ಇದ್ದಿದ್ದರೆ ಇದನ್ನು ಕೇಳಿ ಏನನ್ನುತ್ತಿದ್ದನೋ. ಸ್ಟಾಲಿನ್ ಸತ್ತ ಮೇಲೆ ಅವನ ಗೃಹಮಂತ್ರಿ ಬೆರಿಯಾನನ್ನು 1953ರ ಡಿಸೆಂಬರ್‌ನಲ್ಲಿ ಕೊಂದರು. ಆದರೆ ದೊಡ್ಡ ಸೋವಿಯತ್ ವಿಶ್ವಕೋಶದ 5ನೇ ಸಂಪುಟದಲ್ಲಿ ಅವನನ್ನು ಹೊಗಳಿದ ಲೇಖನ ಅಚ್ಚಾಗಿಹೋಗಿತ್ತು. ಚಂದಾದಾರರಿಗೆ ಅಂಚೆಯಲ್ಲಿ ಹೊಸ ಹಾಳೆಗಳು ಬಂದವು. ಹಳೆಯ ಪುಟಗಳನ್ನು ಕತ್ತರಿ ಅಥವಾ ಬ್ಲೇಡಿನಿಂದ ಕತ್ತರಿಸಿ, ಅಂಚು ಉಳಿಸಿಕೊಂಡು, ಇವನ್ನು ಅಂಟಿಸಿ ಎಂದು ಸೂಚನೆ. ಹೊಸ ಹಾಳೆಗಳಲ್ಲಿ ಅಕ್ಷರಮಾಲೆಯಲ್ಲಿ ಆಸುಪಾಸು ಬರುವ ಬೇರಿಂಗ್ ಸಮುದ್ರದ ಬಗ್ಗೆ ಉದ್ದಕ್ಕೆ ಬರೆದಿತ್ತು. ಗಮನಿಸಿ, ಕತ್ತರಿ ಕೊಟ್ಟದ್ದು ಓದುಗನ ಕೈಗೆ. ಕತ್ತರಿಸಿದವನಿಗೆ ಸತ್ಯ ಗೊತ್ತು. ಗೊತ್ತಿದ್ದೂ ಕೈಯಾರೆ ಅಳಿಸಿದವನು ಇನ್ನೊಬ್ಬನ ಮುಂದೆ ಬಾಯಿ ಬಿಡುವುದು ಕಷ್ಟ.

ನಮ್ಮಲ್ಲಿ 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ಕಾಕತಾಳೀಯ ಎಂದರೆ ಅದು ಆರ್ವೆಲ್ ಹುಟ್ಟಿದ ದಿನ. 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದವನು ಅವನು. 1976ರಲ್ಲಿ ಕಿಶೋರ್ ಕುಮಾರ್ ಸರ್ಕಾರದ ಪ್ರಚಾರಕ್ಕೆ ಕೈಜೋಡಿಸಲು ಒಪ್ಪಲಿಲ್ಲ. ಆಕಾಶವಾಣಿಯಲ್ಲಿ ಅವರ ಹಾಡುಗಳು ನಿಂತವು. ಅದೇ ವರ್ಷ, ‘ಸಂಸ್ಕಾರ’ ಸಿನಿಮಾದ ನಟಿ ಸ್ನೇಹಲತಾ ರೆಡ್ಡಿಯವರನ್ನು ಬಂಧಿಸಿ ಬೆಂಗಳೂರು ಜೈಲಿನಲ್ಲಿಟ್ಟರು. ಆಸ್ತಮಾ ಇತ್ತು. ಹೊರಗೆ ಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ, ತೀರಿಕೊಂಡರು. ಜೈಲಿನಲ್ಲಿ ಅವರು ಡೈರಿ ಬರೆದಿದ್ದರು, ಆಮೇಲೆ ಅದು ಅಚ್ಚಾಯಿತು. ವಿನ್‌ಸ್ಟನ್ ಮಾಡುವ ಮೊದಲ ಅಪರಾಧವೂ ಡೈರಿ ಬರೆಯುವುದೇ. ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇಲ್ಲದಾಗ ಮುಂದೆ ಹುಟ್ಟುವವರ ಜೊತೆ ಮಾತಾಡುವ ದಾರಿ ಅದು.

ಈ ಕಾದಂಬರಿಗಳಲ್ಲಿ ಬಹಳಷ್ಟು ಕಡೆ ನಡುಮಧ್ಯೆ ಒಂದು ಪ್ರೇಮ ಏಕೆ ಬರುತ್ತದೆ ಎನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಕಥೆಗೆ ರಂಗು ಬೇಕು ಎಂದಷ್ಟೇ ತಂದದ್ದಲ್ಲ ಅದು. ಪ್ರೇಮಿಗಳು ಇಬ್ಬರೇ ಕೂತು ನಿಜ ಮಾತಾಡುತ್ತಾರೆ. ಸರ್ಕಾರಕ್ಕೆ ಅದಕ್ಕಿಂತ ದೊಡ್ಡ ಅಪಾಯ ಇಲ್ಲ. ವಿನ್‌ಸ್ಟನ್ ಮತ್ತು ಅವನ ಪ್ರೇಯಸಿ ಜೂಲಿಯಾಳನ್ನು ಹಿಡಿದ ಮೇಲೆ ಅವನು ಎಲ್ಲ ತಪ್ಪೊಪ್ಪಿಗೆಗೂ ಸಹಿ ಹಾಕುತ್ತಾನೆ. ಅದು ಸಾಲುವುದಿಲ್ಲ. 101ನೇ ಕೋಣೆಯಲ್ಲಿ ಇಲಿಗಳ ಪಂಜರವನ್ನು ಮುಖದ ಹತ್ತಿರ ತಂದಾಗ, ಇದನ್ನು ಜೂಲಿಯಾಗೆ ಮಾಡಿ, ನನಗೆ ಬೇಡ ಎಂದು ಕಿರುಚುತ್ತಾನೆ. ಅಲ್ಲಿಗೆ ಕೆಲಸ ಮುಗಿಯಿತು, ಅವನನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಇಬ್ಬರೂ ಪಾರ್ಕಿನಲ್ಲಿ ಸಿಗುತ್ತಾರೆ, ತಡೆಯುವವರು ಯಾರೂ ಇಲ್ಲ. ಮಾತಾಡಲು ಮಾತ್ರ ಏನೂ ಉಳಿದಿಲ್ಲ. ‘ವೀ’ ಕಾದಂಬರಿಯ ನಾಯಕನಿಗೆ ಕಲ್ಪನೆಯನ್ನೇ ತೆಗೆದುಹಾಕುವ ಆಪರೇಷನ್ ಆಗುತ್ತದೆ. ಪ್ರೇಯಸಿಗೆ ಚಿತ್ರಹಿಂಸೆ ಕೊಡುವುದನ್ನು ಅವನು ಕೂತು ನೋಡುತ್ತಾನೆ.

ಹಾಗಾದರೆ ಇಂಥ ಸರ್ಕಾರ ಬೀಳುವುದು ಯಾವಾಗ? ತಿಮೂರ್ ಕುರಾನ್ ಎಂಬ ಅರ್ಥಶಾಸ್ತ್ರಜ್ಞ ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಎಲ್ಲರೂ ಒಳಗೊಂದು ಹೊರಗೊಂದು ಆಡುವ ದೇಶದಲ್ಲಿ, ಒಳಗಿನ ಸಿಟ್ಟು ಎಷ್ಟಿದೆ ಎನ್ನುವುದು ಯಾರಿಗೂ ಗೊತ್ತಿರುವುದಿಲ್ಲ, ಸರ್ಕಾರಕ್ಕೂ. ಅದಕ್ಕೇ ಕುಸಿತ ಬಂದಾಗ ದಿಢೀರನೆ ಬರುತ್ತದೆ. 1989ರ ಡಿಸೆಂಬರ್ 21ರಂದು ರೊಮೇನಿಯಾದ ಸರ್ವಾಧಿಕಾರಿ ಚೌಶೆಸ್ಕು ರಾಜಧಾನಿ ಬುಕಾರೆಸ್ಟ್‌ನಲ್ಲಿ ಬಾಲ್ಕನಿಯಿಂದ ಭಾಷಣ ಮಾಡುತ್ತಿದ್ದ. ಚಪ್ಪಾಳೆಗೆಂದು ಕರೆತಂದ ಜನ. ಟಿವಿಯಲ್ಲಿ ನೇರ ಪ್ರಸಾರ. ನಡುವೆ ಗುಂಪಿನಿಂದ ಕೂಗು ಎದ್ದಿತು. ಅವನು ಮಾತು ನಿಲ್ಲಿಸಿ, ಕೈ ಎತ್ತಿ, ಏನಾಗುತ್ತಿದೆ ಎಂದು ತಿಳಿಯದೆ ನಿಂತ ಮುಖವನ್ನು ಇಡೀ ದೇಶ ನೋಡಿತು. ಪ್ರಸಾರ ಸ್ವಲ್ಪ ಹೊತ್ತು ನಿಂತಿತು. ಅಷ್ಟರಲ್ಲಿ, ಸಿಟ್ಟಾಗಿರುವುದು ನಾನೊಬ್ಬನೇ ಅಲ್ಲ ಎಂಬುದು ಪ್ರತಿಯೊಬ್ಬರಿಗೂ ಗೊತ್ತಾಗಿತ್ತು. ಮಾರನೇ ದಿನ ಹೆಲಿಕಾಪ್ಟರ್‌ನಲ್ಲಿ ಓಡಿದ. 25ಕ್ಕೆ ಗುಂಡು ಹಾರಿಸಿ ಕೊಂದರು.

ಇದನ್ನು ಓದಿ, ಜನ ಒಂದಾದರೆ ಆಯ್ತಲ್ಲ ಎಂದುಕೊಳ್ಳುವುದೂ ತಪ್ಪು. ಅದೇ 1989ರ ಜೂನ್‌ನಲ್ಲಿ ಬೀಜಿಂಗ್‌ನ ಟಿಯಾನನ್‌ಮೆನ್ ಚೌಕದಲ್ಲಿ ಲಕ್ಷಾಂತರ ಜನಕ್ಕೆ ಒಬ್ಬರ ಮನಸ್ಸು ಒಬ್ಬರಿಗೆ ಗೊತ್ತಿತ್ತು. ಟ್ಯಾಂಕ್ ಬಂತು. ‘ದಿ ಹಂಗರ್ ಗೇಮ್ಸ್’ನ ಮೂರು ಬೆರಳಿನ ಸಲಾಮನ್ನು 2014ರ ಸೇನಾ ದಂಗೆಯ ನಂತರ ಥಾಯ್ಲೆಂಡಿನವರು ಬೀದಿಗೆ ತಂದರು, 2021ರಲ್ಲಿ ಮ್ಯಾನ್ಮಾರಿನವರೂ. ಮ್ಯಾನ್ಮಾರಿನ ಸೇನೆ ಗುಂಡು ಹಾರಿಸಿತು. ಮೇಲಿನವರು ಹೇಳಿದ ಕೂಡಲೇ ಸೈನಿಕ ಗುಂಡು ಹಾರಿಸುತ್ತಾನೋ ಇಲ್ಲವೋ ಎಂಬ ಪ್ರಶ್ನೆಯನ್ನು ಈ ಕಾದಂಬರಿಗಳು ಅಷ್ಟಾಗಿ ಕೇಳುವುದಿಲ್ಲ. ನನಗೆ ಅದು ಅವುಗಳ ದೊಡ್ಡ ಕೊರತೆ ಅನ್ನಿಸುತ್ತದೆ.

ಇನ್ನೊಂದು ಕೊರತೆಯೂ ಇದೆ. ಇವರ ಸರ್ಕಾರಗಳು ಜನರ ಬಾಯಿ ಕಾಯುತ್ತವೆ, ತಂತಿ ಕತ್ತರಿಸುವುದಿಲ್ಲ. 2021ರ ಫೆಬ್ರವರಿ 1ರ ಬೆಳಗಿನ ಜಾವ ಮ್ಯಾನ್ಮಾರಿನಲ್ಲಿ ದಂಗೆಯ ಜೊತೆಗೇ ಇಂಟರ್ನೆಟ್ ಕೈಕೊಟ್ಟಿತು. ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ಲ್ಯಾಂಡ್‌ಲೈನ್ ಸೇರಿದಂತೆ ಎಲ್ಲ ಬಂದ್ ಆಯಿತು. 4ಜಿ ವಾಪಸ್ ಬಂದಿದ್ದು 2021ರ ಫೆಬ್ರವರಿಯಲ್ಲಿ. ಬೇಕಾದ ಕಡೆ ಬೇಕಾದಷ್ಟು ದಿನ ಮಾತು ನಿಲ್ಲಿಸಬಹುದು ಎಂಬುದು ಆರ್ವೆಲ್‌ಗೂ ಹೊಳೆದಿರಲಿಲ್ಲ. ಪುಸ್ತಕ ಸುಡದೆ ಮಾಯ ಮಾಡಬಹುದು ಎಂಬುದು ಬ್ರಾಡ್‌ಬರಿಗೂ ಹೊಳೆದಿರಲಿಲ್ಲ. 2009ರ ಜುಲೈನಲ್ಲಿ ಹಕ್ಕುಸ್ವಾಮ್ಯದ ಗೊಂದಲದಿಂದ ಅಮೆಜಾನ್ ತನ್ನ ಕಿಂಡಲ್‌ಗಳಿಂದ ಒಂದು ಪುಸ್ತಕವನ್ನು ದೂರದಿಂದಲೇ ಅಳಿಸಿಹಾಕಿತು. ದುಡ್ಡು ಕೊಟ್ಟು ಕೊಂಡವರು ಬೆಳಿಗ್ಗೆ ನೋಡಿದರೆ ಪುಸ್ತಕ ಇಲ್ಲ. ಆ ಪುಸ್ತಕ ಯಾವುದು ಅಂತೀರಿ? ‘1984’. ಕಂಪನಿ ಆಮೇಲೆ ಕ್ಷಮೆ ಕೇಳಿತು.

ಇವತ್ತಿನ ಮಾತು ಬಂದಾಗ ಚೀನಾದಲ್ಲಿ ಪ್ರತಿಯೊಬ್ಬನಿಗೂ ಸರ್ಕಾರ ಅಂಕ ಹಾಕುತ್ತದಂತೆ ಎಂದು ಎಲ್ಲರೂ ಹೇಳುತ್ತಾರೆ. ದೇಶಕ್ಕೆಲ್ಲ ಅಂಥ ಒಂದೇ ಅಂಕಪಟ್ಟಿ ಇಲ್ಲ. ಇರುವುದು ಬೇರೆ ಬೇರೆ ಕಪ್ಪುಪಟ್ಟಿಗಳು. ಕೋರ್ಟ್ ಹೇಳಿದ ಸಾಲ ತೀರಿಸದವರ ಪಟ್ಟಿಗೆ ಬಿದ್ದರೆ ವಿಮಾನದ ಟಿಕೆಟ್ ಸಿಗುವುದಿಲ್ಲ, ಇಂಥವು. ದೂರದ ಭೂತವನ್ನು ದೊಡ್ಡದು ಮಾಡಿಕೊಂಡರೆ ಹತ್ತಿರದ್ದು ಕಾಣುವುದಿಲ್ಲ. ಹತ್ತಿರದ್ದೆಂದರೆ, ಬೆಂಗಳೂರಿನ ಸರ್ಕಲ್‌ಗಳಲ್ಲಿ ನಿಂತಿರುವ ಕ್ಯಾಮೆರಾಗಳು, ನಮ್ಮ ಫೋನು, ಆಧಾರ್ ಜೋಡಿಸಿದ ಖಾತೆ.

ಈ ವಿಷಯದಲ್ಲಿ ಕರ್ನಾಟಕದ್ದೇ ಒಂದು ಹೆಸರು ದೇಶದ ಕಾನೂನಿನಲ್ಲಿ ಉಳಿದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ 80 ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಸರ್ಕಾರ ಅದರೊಳಗೆ ಕೈ ಹಾಕಬೇಕಾದರೆ ಕಾನೂನು ಇರಬೇಕು, ಅಗತ್ಯ ಇರಬೇಕು, ಕ್ರಮ ಆ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು ಎಂಬ ಅಳತೆಯೂ ಆ ತೀರ್ಪಿನಿಂದ ಬಂತು. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ 17ನೇ ಸೆಕ್ಷನ್ ಓದಿ. ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣಕ್ಕೆ ಯಾವ ಸರ್ಕಾರಿ ಸಂಸ್ಥೆಯನ್ನು ಬೇಕಾದರೂ ಕಾಯ್ದೆಯಿಂದ ಹೊರಗಿಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ದೂರು ಕೇಳಬೇಕಾದ ಮಂಡಳಿಯ ಸದಸ್ಯರನ್ನು ನೇಮಿಸುವುದೂ ಅದೇ ಸರ್ಕಾರ. ಹೊರಗಿಟ್ಟ ಸಂಸ್ಥೆ ನಮ್ಮ ಬಗ್ಗೆ ಏನು ಕೂಡಿಟ್ಟುಕೊಂಡಿದೆ ಎಂದು ಆ ಕಾಯ್ದೆಯ ಕೆಳಗೆ ಕೇಳಲು ನಮಗೆ ದಾರಿ ಉಳಿಯುವುದಿಲ್ಲ. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಆ ಸೆಕ್ಷನ್ 2017ರ ಅಳತೆಗೆ ನಿಲ್ಲುತ್ತದೆಯೇ ಎನ್ನುವುದನ್ನು ಇನ್ನು ಬೇರೆಯವರು ಕೋರ್ಟಿನಲ್ಲಿ ಕೇಳಬೇಕು.